ಕೊಚ್ಚಿಯ ದಿಬ್ಬವೂ ನಾನು ಕೊಟ್ಟ ಸೊನ್ನೆಯೂ

ಮೊನ್ನೆ ಹಳೆಯ ಟ್ರಂಕಿನಲ್ಲಿ ಏನನ್ನೋ ಹುಡುಕುತ್ತಿದ್ದೆ. ಹುಡುಕಿದ್ದು ಸಿಗಲಿಲ್ಲ, ಒಂದು ಪೆನ್ಸಿಲಿನ ತುಂಡು ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದ, ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ನಮ್ಮ ಕಾಲದ ಮೇಷ್ಟ್ರ ಕೋಟಿನ ಜೇಬಿನಲ್ಲಿ ಈ ಪೆನ್ಸಿಲು ಇಣುಕಿತೆಂದರೆ ಹುಡುಗರು ಬೀದಿಯ ಆಚೆ ಬದಿಗೆ ಸರಿಯುತ್ತಿದ್ದರು. ನೀಲಿ ತುದಿಯಿಂದ ನಾನು ನಕ್ಷೆಗಳಲ್ಲಿ ಸಮುದ್ರ ತುಂಬುತ್ತಿದ್ದೆ. ಕೆಂಪು ತುದಿಯಿಂದ ಮಕ್ಕಳ ಉತ್ತರಗಳಿಗೆ ಸೊನ್ನೆ ಸುತ್ತುತ್ತಿದ್ದೆ. ಎರಡನ್ನೂ ಒಂದೇ ಧೈರ್ಯದಿಂದ ಮಾಡುತ್ತಿದ್ದೆ. ಈ ಎರಡರ ಪೈಕಿ ಒಂದನ್ನೂ ನಾನು ಸರಿಯಾಗಿ ಅರಿತಿರಲಿಲ್ಲ ಎಂಬುದು ತಿಳಿದದ್ದು ಒಬ್ಬಳು ಹುಡುಗಿಯಿಂದ. ಅದನ್ನೇ ನಿಮಗೆ ಹೇಳಬೇಕು.

ನಾನು ಹೊಳೆನರಸೀಪುರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದೆ. ಮೊದಲ ಯುದ್ಧ ಮುಗಿದು ಎರಡನೆಯದು ಇನ್ನೂ ಶುರುವಾಗದ ಕಾಲ. ಹುಟ್ಟಿದ್ದು ಅರಕಲಗೂಡಿನ ಹತ್ತಿರ ಮಲ್ಲಿಪಟ್ಟಣ, ಓದಿದ್ದು ಹಾಸನ, ಹೆಣ್ಣು ತಂದದ್ದು ಚನ್ನರಾಯಪಟ್ಟಣ. ಇಷ್ಟೊಂದು ದೇಶ ಸುತ್ತಿದವನಿಗೆ ಸಮುದ್ರ ನೋಡಲು ಮಾತ್ರ ಪುರಸೊತ್ತಾಗಿರಲಿಲ್ಲ. ಆದರೆ ಅದೇನು ದೊಡ್ಡ ಕೊರತೆ ಎಂದು ನನಗೆ ಅನ್ನಿಸಿರಲೂ ಇಲ್ಲ. ಆಷಾಢದಲ್ಲಿ ಹೇಮಾವತಿ ಕೆಂಪಗೆ ತುಂಬಿ ಹರಿಯುವಾಗ ಮಕ್ಕಳನ್ನು ಹೊಳೆಯ ದಡಕ್ಕೆ ಕರೆದುಕೊಂಡು ಹೋಗಿ, "ಆಚೆ ದಡ ಕಾಣ್ತಿದೆಯಲ್ಲ, ಅದಿಲ್ಲ ಅಂತ ತಿಳ್ಕೊಳ್ಳಿ. ಆಮೇಲೆ ನೀರಿಗೆ ಉಪ್ಪು ಹಾಕಿ. ಅದೇ ಸಮುದ್ರ," ಎಂದು ಹೇಳುತ್ತಿದ್ದೆ. ಹುಡುಗರು ಬಹಳ ಶ್ರದ್ಧೆಯಿಂದ ಆಚೆ ದಡವನ್ನು ಕಾಣದಿರಲು ಪ್ರಯತ್ನಿಸುತ್ತಿದ್ದರು. ಶಾಲೆಯಲ್ಲಿ ಒಂದು ಭೂಪಟವಿತ್ತು. ಅದರ ಅರಬ್ಬೀ ಸಮುದ್ರದ ಭಾಗವನ್ನು ಗೆದ್ದಲು ಹತ್ತಿ ತಿಂದಿತ್ತು. ತಿನ್ನುತ್ತ ಕರಾವಳಿಗೂ ಬಂದು, ಕೊಚ್ಚಿಯ ಹೆಸರನ್ನು ಪೂರ್ತಿ ಮುಗಿಸಿತ್ತು. ಆ ಬಂದರನ್ನು ಅಗಲ ಮಾಡಬೇಕೆಂದು ನಮ್ಮ ಸೀಮೆಯಲ್ಲಿ ಮೊದಲು ಮನಸ್ಸು ಮಾಡಿದ್ದು ಆ ಗೆದ್ದಲು ಎಂದೇ ಹೇಳಬೇಕು.

ಪಾಠಪುಸ್ತಕವೊಂದಿತ್ತು. ನನ್ನ ಮಟ್ಟಿಗೆ ಅದು ವೇದ. ವೇದವನ್ನಾದರೂ ನಾನು ಓದಿರಲಿಲ್ಲ, ಇದನ್ನು ಓದಿದ್ದೆ. ಕೊಚ್ಚಿಯ ಬಂದರಿನ ಬಾಯಿಗೆ ಅಡ್ಡವಾಗಿ ನೀರೊಳಗೆ ಒಂದು ಮರಳಿನ ದಿಬ್ಬ ಇದೆ, ಆದ್ದರಿಂದ ದೊಡ್ಡ ಹಡಗುಗಳು ಒಳಗೆ ಬರಲಾರವು, ಬಹುದೂರ ಸಮುದ್ರದಲ್ಲೇ ನಿಲ್ಲುತ್ತವೆ, ದೋಣಿಗಳಲ್ಲಿ ಸಾಮಾನು ಸಾಗಿಸಬೇಕು ಎಂದು ಅದರಲ್ಲಿ ಬರೆದಿತ್ತು. ವರ್ಷಾವರ್ಷ ನಾನು ಅದನ್ನು ಹೇಳುತ್ತಿದ್ದೆ, ವರ್ಷಾವರ್ಷ ಹಡಗುಗಳು ನನ್ನ ಮಾತಿಗೆ ಬೆಲೆ ಕೊಟ್ಟು ಹೊರಗೇ ನಿಲ್ಲುತ್ತಿದ್ದವು.

ಒಂದು ದಿನ ಹೀಗೆ ಹಡಗುಗಳನ್ನು ನಿಲ್ಲಿಸಿ ಮುಂದಿನ ಬಂದರಿಗೆ ಹೋಗುವಷ್ಟರಲ್ಲಿ ಗಿರಿಜೆ ಎದ್ದು ನಿಂತಳು. ತರಗತಿಯಲ್ಲಿದ್ದ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳು. ಪೇಟೆಯ ಕೊಬ್ಬರಿ ವ್ಯಾಪಾರಿ ಬಸಪ್ಪನವರ ಮೊಮ್ಮಗಳು. ತಂದೆ ಇರಲಿಲ್ಲ, ತಾಯಿ ಸಿದ್ದಮ್ಮ ಮಾವನ ಮನೆಯಲ್ಲೇ ಇದ್ದು ಮಗಳನ್ನು ಸಾಕುತ್ತಿದ್ದಳು.

"ಸಾ, ಈಗ ಅಂಗಿಲ್ಲ ಸಾ," ಎಂದಳು ಗಿರಿಜೆ. "ಆ ದಿಬ್ಬಾನ ಅಗ್ದಾಕವ್ರೆ. ಅಡಗು ಒಳೀಕೇ ಬತ್ತಾವೆ."

"ಯಾರಮ್ಮಾ ಹೇಳಿದ್ದು?"

"ನಮ್ ಸ್ವಾದರಮಾವ ಸಾ. ಅವರು ಅಲ್ಲೇ ಮಣ್ಣೆತ್ತೋ ಅಡಗ್ನಲ್ಲಿ ಫಿಟ್ಟರ್ರು."

ಮೇಷ್ಟ್ರಿಗೆ ಇಂಥ ಅವಕಾಶ ದಿನಾ ಸಿಗುವುದಿಲ್ಲ. ನಾನು ಪುಸ್ತಕ ಮುಚ್ಚಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಏನಮ್ಮಾ, ನಿಮ್ಮ ಮಾವ ಗುದ್ದಲಿ ಮಂಕರಿ ತಗೊಂಡು ಸಮುದ್ರದೊಳಗೆ ಮುಳುಗ್ತಾರೇನು? ಕೆಮ್ಮು ನೆಗಡಿ ಆಗೋಲ್ವೆ?" ಎಂದೆ. ತರಗತಿ ಗೊಳ್ಳೆಂದಿತು. ಹುಡುಗರು ನಕ್ಕರೆ ಮೇಷ್ಟ್ರು ಗೆದ್ದ ಎಂದು ನನ್ನ ಲೆಕ್ಕ. ಆದರೆ ಹುಡುಗಿ ಕೂರಲಿಲ್ಲ.

"ಗುದ್ಲಿ ಅಲ್ಲ ಸಾ. ಅಡಗಿನ ತಳ್ದಾಗೆ ದೊಡ್ ಕೊಳವೆ ಐತಂತೆ, ಆನೆ ಸೊಂಡ್ಲಂಗೆ. ಅದು ಮಳ್ಳು, ನೀರು ಎಲ್ಡೂ ಈರ್ಕಂಡು ಇನ್ನೊಂದ್ ಕಡೆ ಉಗೀತದಂತೆ. ಅಂಗೆ ಉಗ್ದೂ ಉಗ್ದೂ ಅಲ್ಲೊಂದು ದ್ವೀಪಾನೇ ಎದ್ದೈತಂತೆ ಸಾ."

"ಭೇಷ್! ಇನ್ನು ಸ್ವಲ್ಪ ಉಗಿಯೋಕೆ ಹೇಳಮ್ಮ. ಒಂದು ಖಂಡಾನೇ ಏಳಲಿ, ಅದಕ್ಕೆ ನಿನ್ನ ಹೆಸರಿಡೋಣ," ಎಂದೆ. ಮತ್ತೆ ನಗು. ಅವಳ ಕಿವಿ ಕೆಂಪಗಾಯಿತು. ಕುಳಿತಳು.

ನಾನು ಅಂದು ಮನೆಗೆ ಹೋಗಿ ಈ ಕಥೆಯನ್ನು ಹೆಂಡತಿ ಸಾವಿತ್ರಿಗೆ ಹೇಳಿ ಇನ್ನೊಂದು ಸಲ ನಕ್ಕೆ. ಅವಳು ನಗಲಿಲ್ಲ. ಹಾಸ್ಯ ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಮೊದಲಿಂದ ಹೇಳಿದೆ. ಆಗಲೂ ನಗಲಿಲ್ಲ.

ವಾರ್ಷಿಕ ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ತೆಗೆದವನು ನಾನೇ. 'ಕೊಚ್ಚಿಯ ಬಂದರಿನೊಳಕ್ಕೆ ದೊಡ್ಡ ಹಡಗುಗಳು ಏಕೆ ಬರಲಾರವು?' ಎಂದು ಕೇಳಿದ್ದೆ. ಗಿರಿಜೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದಲ್ಲ ಎಂದು ಆಗ ಎಲ್ಲರಿಗೂ ಹೇಳುತ್ತಿದ್ದೆ. ಈಗ ವಯಸ್ಸಾಯಿತು, ಹಾಗೆ ಹೇಳುವ ಶಕ್ತಿ ಇಲ್ಲ. ಮಿಕ್ಕ ಮಕ್ಕಳು ದಿಬ್ಬವನ್ನು ಇದ್ದಲ್ಲೇ ಬಿಟ್ಟು ಎರಡು ಸಾಲಿನಲ್ಲಿ ಮುಗಿಸಿದ್ದರು. ಗಿರಿಜೆ ಒಂದೂವರೆ ಪುಟ ಬರೆದಿದ್ದಳು. ಪೂರ್ತಿ ಅಂಕ ಕೊಟ್ಟ ಉತ್ತರಗಳು ಮೇಷ್ಟ್ರುಗಳಿಗೆ ಮರೆತುಹೋಗುತ್ತವೆ. ಸೊನ್ನೆ ಕೊಟ್ಟದ್ದು ನೆನಪಿರುತ್ತದೆ.

ಅವಳು ಬರೆದದ್ದು ಇದು: ಬಹಳ ಹಿಂದೆ ಕೊಚ್ಚಿಯಲ್ಲಿ ಬಂದರೇ ಇರಲಿಲ್ಲವಂತೆ. ಒಂದು ದೊಡ್ಡ ಪ್ರವಾಹ ಬಂದು ನದಿ ದಡವನ್ನು ಒಡೆದು, ಒಳಗಿನ ಹಿನ್ನೀರಿಗೆ ಸಮುದ್ರದ ಕಡೆಗೆ ಬಾಯಿ ಬಂತಂತೆ. ಹಾಯಿ ಕಟ್ಟಿದ ಸಣ್ಣ ಹಡಗುಗಳು ಒಳಗೆ ಬಂದು ಹೋಗಿ ಮಾಡುತ್ತಿದ್ದವು. ಆಮೇಲೆ ಕಬ್ಬಿಣದ ಹೊಗೆ ಹಡಗುಗಳು ಬಂದವು. ಅವುಗಳ ತಳ ಆಳ. ದಿಬ್ಬಕ್ಕೆ ತಗಲುತ್ತದೆಂದು ಹೊರಗೇ ನಿಂತವು. ಅಕ್ಕಿ ಮೆಣಸು ಮನುಷ್ಯರು ಎಲ್ಲ ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಅಲೆ ಎದ್ದರೆ ಅದೂ ಇಲ್ಲ. ದಿಬ್ಬ ಕಡಿಯೋಣ ಎಂದರೆ ಒಬ್ಬರು ಅಲೆ ಒಳಗೆ ನುಗ್ಗಿ ಊರು ತಿನ್ನುತ್ತದೆ ಎಂದರು, ಇನ್ನೊಬ್ಬರು ಒಂದೇ ಮಳೆಗೆ ಮರಳು ಮತ್ತೆ ಮುಚ್ಚುತ್ತದೆ ಎಂದರು. ಅದಕ್ಕೆ ಮೊದಲು ಸ್ವಲ್ಪ ಮಾತ್ರ ಕಡಿದು, ಮಳೆಗಾಲ ಕಳೆಯುವವರೆಗೆ ಕಾದು ನೋಡಿದರು. ಕಡಿದ ದಾರಿ ಮುಚ್ಚಲಿಲ್ಲ. ಆಗ ದೊಡ್ಡ ಯಂತ್ರದ ಹಡಗು ತಂದು ಉದ್ದಕ್ಕೆ ಕಾಲುವೆ ಕಡಿದರು. ತೆಗೆದ ಮಣ್ಣನ್ನು ಒಳಗಿನ ಹಿನ್ನೀರಿಗೆ ಸುರಿದು, ಸುತ್ತ ಕಲ್ಲು ಕಟ್ಟಿ, ದ್ವೀಪ ಎಬ್ಬಿಸಿದರು. ಕೊನೆಗೆ, 'ನಮ್ಮ ಸೋದರಮಾವ ಕೊಳವೆಯ ಬೋಲ್ಟು ಬಿಗಿಯುತ್ತಾರೆ. ಆದ್ದರಿಂದ ದೊಡ್ಡ ಹಡಗುಗಳು ಬರುತ್ತವೆ,' ಎಂದು ಮುಗಿಸಿದ್ದಳು.

ಇಡೀ ಶಾಲೆಯಲ್ಲಿ ಒಂದು ಬಂದರು ಹೇಗೆ ಬೆಳೆಯಿತೆಂದು ಅರ್ಥವಾಗುವ ಹಾಗೆ ಬರೆದವಳು ಅವಳೊಬ್ಬಳೇ. ನಾನು ಕೆಂಪು ತುದಿಯನ್ನು ಚೆನ್ನಾಗಿ ಕೆತ್ತಿಕೊಂಡು, 'ಕೇಳಿದ್ದು ಏಕೆ ಬರಲಾರವು ಎಂದು. ಬರುತ್ತವೆ ಎಂಬುದು ಉತ್ತರವಲ್ಲ,' ಎಂದು ಬರೆದು ದುಂಡಗೆ ಸೊನ್ನೆ ಸುತ್ತಿದೆ. ಆ ಸೊನ್ನೆಯಿಂದಾಗಿ ಅವಳು ಮೂರು ಅಂಕ ಕಡಿಮೆ ಬಿದ್ದು ಭೂಗೋಳದಲ್ಲಿ ಫೇಲಾದಳು.

ಬಸಪ್ಪನವರು ಮೊಮ್ಮಗಳನ್ನು ಶಾಲೆಗೆ ಕಳಿಸಿದ್ದು ಒಂದು ಕರಾರಿನ ಮೇಲೆ ಎಂದು ನನಗೆ ಗೊತ್ತಿರಲಿಲ್ಲ. ಪಾಸಾಗುವವರೆಗೆ ಓದಬಹುದು, ಫೇಲಾದ ದಿನ ಸ್ಲೇಟು ಅಟ್ಟಕ್ಕೆ. ಫಲಿತಾಂಶ ಬಂದ ಮಾರನೆಯ ದಿನ ಸಿದ್ದಮ್ಮ ನಮ್ಮ ಮನೆಗೆ ಬಂದು ನಡುಮನೆಯ ಬಾಗಿಲ ಹತ್ತಿರ ನಿಂತಳು. ಕೈಯಲ್ಲಿ ಅಣ್ಣನ ಕಾಗದ.

"ಮೇಷ್ಟ್ರೇ, ನಮ್ಮಣ್ಣ ಸುಳ್ ಯೋಳೋನಲ್ಲ. ನೀವೇ ಓದಿ ನೋಡಿ, ಎಲ್ಲಾ ಬರ್ದವ್ನೆ."

ನಾನು ಓದಿದೆ. ಓದಿ, ಕಾಗದದಲ್ಲಿ ಐದು ಕಡೆ ಕಾಗುಣಿತದ ತಪ್ಪಿದೆ ಎಂದು ತೋರಿಸಿದೆ.

"ತಪ್ಪಿರ್ಬೌದು. ಅವ್ನು ಓದಿದ್ದು ನಾಕನೇ ಕಳಾಸು," ಎಂದಳು ಸಿದ್ದಮ್ಮ. "ಆದ್ರೆ ಅಲ್ಲಿರೋನು ಅವ್ನು ತಾನೆ?"

"ನೋಡಮ್ಮ, ನಾನು ಏನು ಮಾಡಲಿ? ಪುಸ್ತಕದಲ್ಲಿ ಇಲ್ಲ. ಪುಸ್ತಕ ಸರ್ಕಾರ ಒಪ್ಪಿದ್ದು."

ಅವಳು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೂರ್ ನಂಬ್ರು ಮೇಷ್ಟ್ರೇ," ಎಂದಳು. "ನಾಳೆಯಿಂದ ಮಗಾನ ಕೊಬ್ಬರಿ ಸುಲಿಯಾಕೆ ಕೂರಿಸ್ತಾರೆ." ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಹೆಂಗಸರು ಅತ್ತಾಗ ಏನು ಉಪದೇಶ ಹೇಳಬೇಕೆಂದು ನನಗೆ ಬಾಯಿಪಾಠವಿತ್ತು.

ಅವಳು ಹೋದ ಮೇಲೆ ಸಾವಿತ್ರಿ ಒಳಗಿನಿಂದ ಬಂದಳು.

"ನೀವು ಸಮುದ್ರ ನೋಡಿದ್ದೀರಾ?"

"ಇಲ್ಲ. ನಿನಗೇ ಗೊತ್ತಲ್ಲ."

"ಪುಸ್ತಕ ಬರೆದವರು ನೋಡಿದ್ದಾರಾ?"

"ನೋಡಿರಬಹುದು."

"ಆ ಹೆಂಗಸಿನ ಅಣ್ಣ?"

ನಾನು ಕನ್ನಡಕ ಒರೆಸತೊಡಗಿದೆ. "ಸರಿ, ಊಟಕ್ಕೇಳಿ," ಎಂದಳು. ಅಂದಿನ ಹುಳಿಗೆ ಉಪ್ಪೇ ಇರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಬೇಸಿಗೆ ರಜ. ಪೇಟೆಯಲ್ಲಿ ಹೋಗುತ್ತಿದ್ದಾಗ ಬಸಪ್ಪನವರ ಅಂಗಡಿಯಿಂದ ಕರೆ ಬಂತು. ಜಗಲಿಯ ಮೇಲೆ ಬಸಪ್ಪನವರು ಕುಳಿತಿದ್ದರು. ಹೆಗಲ ಮೇಲೆ ವಲ್ಲಿ, ಹಣೆಯ ತುಂಬ ವಿಭೂತಿ. ಪಕ್ಕದಲ್ಲಿ ಕರ್ರಗೆ ಒಣಗಿದ ಒಬ್ಬ ಮನುಷ್ಯ. ಅವನ ಉಗುರಿನೊಳಗೆಲ್ಲ ಗ್ರೀಸು ಕೂತಿತ್ತು. ನನ್ನನ್ನು ನೋಡಿ ಎದ್ದು ಕೈಮುಗಿದ. ಇವನೇ ನಂಜಪ್ಪ, ಗಿರಿಜೆಯ ಸೋದರಮಾವ. ತನ್ನೂರು ಅರಕಲಗೂಡಿಗೆ ರಜದ ಮೇಲೆ ಬಂದವನು ತಂಗಿಯನ್ನು ನೋಡಲು ಬಂದಿದ್ದ. ಒಳಬಾಗಿಲಲ್ಲಿ ಗಿರಿಜೆ ತೆಂಗಿನಕಾಯಿಯ ರಾಶಿಯ ಮುಂದೆ ಕುಳಿತಿದ್ದಳು. ನಾನು ಆ ಕಡೆ ನೋಡಲಿಲ್ಲ.

"ಮೇಷ್ಟ್ರೇ, ಇವ್ನು ನಂಟ, ಸುಳ್ಳ ಅನ್ನಾಕಾಗಾಕಿಲ್ಲ. ನೀವು ಓದ್ದೋರು, ನಿಮ್ಮನ್ನೂ ಸುಳ್ಳ ಅನ್ನಾಕಾಗಾಕಿಲ್ಲ," ಎಂದರು ಬಸಪ್ಪನವರು. "ನಂಗಂತೂ ಆ ಕೊಚ್ಚಿ ಕಂಡ್ರೇ ಆಗಾಕಿಲ್ಲ. ಅಲ್ಲಿನ ಎಣ್ಣೆ ಬಂದು ನಮ್ ನುಗ್ಗೇಹಳ್ಳಿ ಕೊಬ್ಬರೀನ ಕೇಳೋರಿಲ್ಲ. ಇನ್ನ ದೊಡ್ ಅಡಗೂ ಬಂದ್ಬುಟ್ರೆ ಮುಗೀತು."

ನಂಜಪ್ಪ ಮೆಲ್ಲಗೆ, "ಸಾ, ನಾನು ಬುಧವಾರ ವಾಪಸ್ ಓಯ್ತೀನಿ. ನೀವೂ ಬನ್ನಿ ಸಾ. ತೋರಿಸ್ತೀನಿ," ಎಂದ. ಅವನ ದನಿಯಲ್ಲಿ ಕೋಪವೇ ಇಲ್ಲದ್ದು ನೋಡಿ ನನಗೆ ಕೋಪ ಬಂತು.

ಬಸಪ್ಪನವರು ತೊಡೆ ತಟ್ಟಿದರು. "ಓಗ್ಬನ್ನಿ ಮೇಷ್ಟ್ರೇ! ನೀವ್ ನೋಡ್ಕಂಡ್ ಬಂದು ಅಡಗು ಒಳೀಕ್ ಬಂತು ಅಂತ ಇದೇ ಜಗ್ಲಿ ಮ್ಯಾಲೆ ಯೋಳಿ, ಮಗಾನ ಮತ್ತೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ."

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನ ಮುಖ ನೋಡಿದರು. ಭೂಗೋಳದ ಮೇಷ್ಟ್ರಾದವನು ಭೂಗೋಳಕ್ಕೆ ಹೆದರಿದ ಎನ್ನಿಸಿಕೊಳ್ಳಬಾರದೆಂದು ಒಪ್ಪಿಕೊಂಡೆ. ಮನೆಗೆ ಬಂದು ಹೇಳಿದರೆ, ಸಾವಿತ್ರಿ ಆಗಲೇ ಚಟ್ನಿಪುಡಿ ಕಟ್ಟುತ್ತಿದ್ದಳು. ಈ ಹೆಂಗಸರಿಗೆ ಸುದ್ದಿ ಯಾವ ದಾರಿಯಲ್ಲಿ ಮುಟ್ಟುತ್ತದೋ ನನಗೆ ಇಂದಿಗೂ ತಿಳಿದಿಲ್ಲ.

ರೈಲು ಬದಲಿಸಿ ಬದಲಿಸಿ ಕೊಚ್ಚಿಗೆ ಹೋದೆವು. ದಾರಿಯುದ್ದಕ್ಕೂ ನಾನು ನಂಜಪ್ಪನಿಗೆ ಬಂದರುಗಳ ವಿಷಯ ಪಾಠ ಹೇಳಿದೆ. ಅವನು ಎಲ್ಲದಕ್ಕೂ, "ಔದಾ ಸಾ," ಎನ್ನುತ್ತ ಕಿತ್ತಳೆಹಣ್ಣು ಸುಲಿದು ಕೊಟ್ಟ. ಹತ್ತು ವರ್ಷ ಬಂದರಿನಲ್ಲಿ ದುಡಿದವನು ಬಂದರಿನ ಬಗ್ಗೆ ನನ್ನಿಂದ ಇಷ್ಟು ಕಲಿಯಲಿ ಎಂದು ನನಗೆ ತೃಪ್ತಿಯಾಯಿತು.

ಸಮುದ್ರ ನೋಡಿದಾಗ ಏನನ್ನಿಸಿತು ಎಂದು ನೀವು ಕೇಳಬಹುದು. ಆಚೆ ದಡ ನಿಜವಾಗಿಯೂ ಇರಲಿಲ್ಲ. ಅಷ್ಟರಮಟ್ಟಿಗೆ ನನ್ನ ಪಾಠ ಸರಿ. ಯಾರೂ ನೋಡದಾಗ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಪ್ಪನ್ನೂ ಖಾತ್ರಿ ಮಾಡಿಕೊಂಡೆ. ಸಂಜೆಯವರೆಗೆ ಬಾಯಾರಿಕೆ ಹೋಗಲಿಲ್ಲ. ನಂಜಪ್ಪ ತನ್ನ ಯಂತ್ರದ ಹಡಗನ್ನು ತೋರಿಸಿದ, ಕೊಳವೆಯೂ ಇತ್ತು. ಆ ಕೊಳವೆಯೊಳಗೆ ನಾನು ಪೇಟ ಸಮೇತ ಬಗ್ಗದೆ ನಡೆದುಹೋಗಬಹುದಿತ್ತೇನೋ! ದ್ವೀಪವನ್ನೂ ತೋರಿಸಿದ. ನನ್ನ ಎರಡು ಕಾಲೂ ಅದರ ಮೇಲೆ ನಿಂತವು, ಕುಸಿಯಲಿಲ್ಲ. ಅದರ ಮೇಲೆ ಉಗ್ರಾಣ ಕಟ್ಟುತ್ತಿದ್ದರು. "ಇದು ಮೊದಲಿಂದ ಇದ್ದಿರಬಹುದು," ಎಂದೆ. "ಇರ್ಬೌದು ಸಾ," ಎಂದ ನಂಜಪ್ಪ.

ಆದರೆ ಹಡಗು? ಮೊದಲ ದಿನ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ನಂಜಪ್ಪನ ಕೋಣೆಯಲ್ಲಿ ತೆಂಗಿನೆಣ್ಣೆಯ ಒಗ್ಗರಣೆಯ ಊಟ ಮಾಡುತ್ತ ನನ್ನ ಉತ್ಸಾಹ ಏರುತ್ತ ಹೋಯಿತು. ಮೂರನೆಯ ದಿನ ಬೆಳಗ್ಗೆ ದಡಕ್ಕೆ ಹೋದರೆ, ದೂರ ಸಮುದ್ರದಲ್ಲಿ ಒಂದು ದೊಡ್ಡ ಹಡಗು, ಮೇಲೆ ಹೊಗೆ, ಇದ್ದಲ್ಲೇ ನಿಂತಿದೆ. ಪುಸ್ತಕದಲ್ಲಿ ಬರೆದ ಜಾಗದಲ್ಲೇ!

"ನೋಡಪ್ಪಾ ನಂಜಪ್ಪ!" ಎಂದು ನಾನು ಹೆಚ್ಚುಕಡಿಮೆ ಕುಣಿದೆ. "ನಿಂತಿದೆ. ಹೊರಗೇ ನಿಂತಿದೆ."

"ನೀರು ಏರ್ಬೇಕು ಸಾ. ಆಮ್ಯಾಕೆ ದಾರಿ ತೋರ್ಸೋನು ದೋಣೀಲಿ ಓಗಿ ಅತ್ಕತಾನೆ. ಆಗ ಬತ್ತದೆ."

"ಎಷ್ಟು ಹೊತ್ತು?"

"ಮದ್ಯಾನ ಆಗ್ಬೌದು ಸಾ."

ಊರಿನ ಕಡೆಗೆ ರೈಲು ಮಧ್ಯಾಹ್ನಕ್ಕೆ ಮುಂಚೆ ಇತ್ತು. ನಾನು ಕೋಣೆಗೆ ಬಂದು ಚೀಲ ಕಟ್ಟಲು ಶುರುಮಾಡಿದೆ. ನೋಡುವುದನ್ನು ನೋಡಿದ್ದಾಯಿತು. ಹಡಗು ಹೊರಗೆ ನಿಂತಿತ್ತು ಎಂದು ಜಗಲಿಯ ಮೇಲೆ ಹೇಳಿದರೆ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸತ್ಯವಂತನಾಗಿಯೇ ಗೆಲ್ಲುವ ಇಂಥ ಯೋಗ ಮನುಷ್ಯನಿಗೆ ಪದೇ ಪದೇ ಬರುವುದಿಲ್ಲ. ನಂಜಪ್ಪ ಬಾಗಿಲಲ್ಲಿ ನಿಂತು ನನ್ನ ಧೋತರ ಮಡಚಿಕೊಟ್ಟ.

"ಓಗೋದಾದ್ರೆ ಓಗಿ ಸಾ, ಟೇಸನ್ನಿಗೆ ನಾನೇ ಬಿಟ್ಬತ್ತೀನಿ," ಎಂದ. ಧೋತರದ ಅಂಚು ಸರಿಮಾಡುತ್ತ, "ಆ ಮಗ ನಂಗೆ ಕಾಗ್ದ ಬರೀವಾಗೆಲ್ಲ ಕೊಳವೆ ಎಷ್ಟಗ್ಲ, ಮಣ್ಣು ಎಲ್ಲಿಗೋಯ್ತದೆ ಅಂತ ಕೇಳೋಳು ಸಾ. ನಾನ್ ಬರ್ದಿದ್ದು ತಪ್ಪಾಯ್ತು. ಬರೀದೆ ಓಗಿದ್ರೆ ಪಾಸಾಗೋಳು," ಎಂದ.

ನಾನು ಚೀಲ ಬಿಚ್ಚಿದೆ. ಸತ್ಯನಿಷ್ಠೆಯಿಂದ ಎಂದು ತಿಳಿಯಬೇಡಿ. ಆ ಮನುಷ್ಯ ನನ್ನ ಧೋತರವನ್ನು ಅಷ್ಟು ಅಚ್ಚುಕಟ್ಟಾಗಿ ಮಡಚಿದ್ದ, ಅದನ್ನು ಹಿಡಿದುಕೊಂಡು ಅವನ ಮುಂದೆ ಹೊರಡಲು ಕಾಲು ಬರಲಿಲ್ಲ.

ಮಧ್ಯಾಹ್ನ ಮತ್ತೆ ದಡಕ್ಕೆ ಹೋದೆವು. ಅಲ್ಲಿ ಮಗುಚಿ ಹಾಕಿದ ಒಂದು ದೋಣಿಯ ಮೇಲೆ ಒಬ್ಬ ಮುದುಕ ಕುಳಿತಿದ್ದ. ನಂಜಪ್ಪ ಅವನ ಭಾಷೆಯಲ್ಲಿ ಮಾತಾಡಿಸಿ ನನಗೆ ಹೇಳಿದ: ಹಡಗು ಹೊರಗೆ ನಿಲ್ಲುತ್ತಿದ್ದ ಕಾಲದಲ್ಲಿ ಇವನು ಆ ದೋಣಿಯಲ್ಲಿ ಮೂಟೆ ಸಾಗಿಸುತ್ತಿದ್ದವನು. ಈಗ ಕೆಲಸವಿಲ್ಲ. ದಿನಾ ಬಂದು ಹಡಗು ಒಳಗೆ ಹೋಗುವುದನ್ನು ನೋಡಿ ಬೈದು ಮನೆಗೆ ಹೋಗುತ್ತಾನೆ. ನನಗೆ ಅವನ ಮೇಲೆ ಇದ್ದಕ್ಕಿದ್ದಂತೆ ಬಹಳ ಪ್ರೀತಿ ಬಂತು. ನಮ್ಮಿಬ್ಬರ ಪುಸ್ತಕವೂ ಒಂದೇ ಆಗಿತ್ತು. ಆದರೆ ಅವನು ಅದನ್ನು ಓದಿದವನಲ್ಲ, ಬದುಕಿದವನು. ದಿಬ್ಬ ಹೋದಾಗ ಅವನ ಅನ್ನ ಹೋಯಿತು. ನನಗೆ ಹೋಗುವುದು ಬರೀ ಮಾನ. ಹಾಗೆ ಹೋಲಿಸಿ ನೋಡಿದಾಗ ನನ್ನ ಮಾನ ಅಂಥ ದೊಡ್ಡ ವಸ್ತುವಾಗಿ ಕಾಣಲಿಲ್ಲ.

ಅಷ್ಟರಲ್ಲಿ ಹಡಗು ಅಲುಗಿತು. ದಿಬ್ಬವಿದ್ದ ಜಾಗಕ್ಕೆ ನೇರವಾಗಿ ಬಂತು. ಈಗ ತಗಲುತ್ತದೆ, ಈಗ ತಗಲುತ್ತದೆ ಎಂದು ನಾನು ಉಸಿರು ಬಿಗಿಹಿಡಿದೆ. ತಗಲಲಿಲ್ಲ. ಸದ್ದಿಲ್ಲದೆ, ಎಷ್ಟೋ ಸಲ ಬಂದು ಹೋದ ಮನೆಗೆ ಬರುವವರ ಹಾಗೆ ಒಳಗೆ ಬಂತು. ನಮ್ಮ ಮುಂದೆ ಹಾದಾಗ ಕೋಟೆಯ ಗೋಡೆಯೊಂದು ನಡೆದುಹೋದಂತಿತ್ತು. ಮೇಲೆ ಒಬ್ಬ ಮನುಷ್ಯ ಅಕ್ಕಿ ತೊಳೆದ ನೀರನ್ನು ಸಮುದ್ರಕ್ಕೆ ಚೆಲ್ಲಿದ. ಅವನನ್ನು ನೋಡಲು ಕತ್ತೆತ್ತಿದ ರಭಸಕ್ಕೆ ನನ್ನ ಪೇಟ ಹಿಂದಕ್ಕೆ ಬಿತ್ತು. ಮುದುಕ ಬೈಯುತ್ತಲೇ ಅದನ್ನು ಎತ್ತಿ, ಮರಳು ಕೊಡವಿ, ನನ್ನ ಕೈಗೆ ಕೊಟ್ಟ.

ನಂಜಪ್ಪ ನನ್ನ ಕಡೆ ತಿರುಗಲಿಲ್ಲ. "ಊಟ ಮಾಡಾನ ಬನ್ನಿ ಸಾ," ಎಂದಷ್ಟೇ ಹೇಳಿದ.

ವಾಪಸು ರೈಲಿನಲ್ಲಿ ಒಬ್ಬನೇ. ತಪ್ಪು ಒಪ್ಪಿಕೊಳ್ಳುವ ಮಾತನ್ನು ತಪ್ಪೇ ಆಗಿಲ್ಲವೆಂಬಂತೆ ಹೇಳುವುದು ಹೇಗೆ ಎಂದು ಅಭ್ಯಾಸ ಮಾಡುತ್ತ ಬಂದೆ. 'ಇತ್ತೀಚಿನ ಪರಿಸ್ಥಿತಿಯಲ್ಲಿ' ಎಂದು ಶುರುಮಾಡಿದರೆ ಹೇಗೆ? 'ಒಂದು ದೃಷ್ಟಿಯಿಂದ ನೋಡಿದರೆ' ಎಂದರೆ? ಹಾಸನ ದಾಟುವಷ್ಟರಲ್ಲಿ ಭಾಷಣ ಬಹಳ ಸೊಗಸಾಗಿ ಕೂಡಿತ್ತು. ಜಗಲಿಯ ಮುಂದೆ ನಿಂತಾಗ ಬಾಯಿಂದ ಬಂದದ್ದು ಇಷ್ಟೇ:

"ಹಡಗು ಒಳಗೆ ಬಂತು, ಬಸಪ್ಪನವರೇ. ನನ್ನದು ತಪ್ಪು. ನಿಮ್ಮ ಮಗು ಬರೆದದ್ದೇ ಸರಿ."

ಬಸಪ್ಪನವರು ಬಹಳ ಹೊತ್ತು ಯೋಚಿಸಿದರು. ವ್ಯಾಪಾರಿ ಯೋಚಿಸಿದರೆ ನಮ್ಮಂಥವರು ಹೆದರಬೇಕು.

"ಅಂಗಾರೆ ನಿಮ್ ಪುಸ್ತ್ಕ ಸುಳ್ಳು ಅಂತಾಯ್ತು?"

"ಹೌದು."

"ಇಷ್ಟ್ ವರ್ಸ ನೀವು ಸುಳ್ಳೇ ಯೋಳ್ಕೊಟ್ರಿ?"

"ಹೌದು."

"ಮತ್ತೆ ಸುಳ್ ಕಲಿಯಾಕೆ ನಮ್ ಮಗೀನ್ಯಾಕೆ ನಾನು ಕಳಿಸ್ಲಿ ಮೇಷ್ಟ್ರೇ? ಅದು ಕೊಬ್ಬರಿ ಅಂಗ್ಡೀಲೇ ಕಲೀತದೆ!"

ಗಿರಾಕಿಗಳು ನಕ್ಕರು. ಇಷ್ಟು ದೂರ ಹೋಗಿ, ಉಪ್ಪುನೀರು ಕುಡಿದು, ಮಾನವನ್ನೂ ಬಿಟ್ಟು ಬಂದದ್ದು ಇದಕ್ಕೇ ಏನು? ಆಗ ಒಳಬಾಗಿಲಿಂದ ಸಿದ್ದಮ್ಮ ಹೊರಗೆ ಬಂದಳು. ಮಾವನ ಎದುರಿಗೆ, ಅದೂ ಅಂಗಡಿಯ ಜಗಲಿಗೆ, ಅವಳು ಎಂದೂ ಬಂದವಳಲ್ಲ. ಸೆರಗು ಹೊದ್ದು, ತಲೆ ತಗ್ಗಿಸಿಯೇ ಮಾತಾಡಿದಳು.

"ಮಾವ, ಅಡಗು ಒಳೀಕ್ ಬಂದ್ರೆ ಕಳಿಸ್ತೀನಿ ಅಂದ್ರಿ. ಪುಸ್ತ್ಕದ್ ಮಾತು ನೀವು ಆಡ್ಲಿಲ್ಲ."

"ನೀನ್ ಒಳೀಕೋಗವ್ವ."

"ಓಯ್ತೀನಿ ಮಾವ. ಆಡಿದ್ ಮಾತು ಇಷ್ಟೂ ಜನ ಕೇಳವ್ರೆ. ಬ್ಯಾಡ ಅಂತ ಅವ್ರ ಮುಂದೇನೇ ಯೋಳ್ಬುಡಿ. ಮಗೀಗೆ ನಾನು ಯೋಳ್ಕತೀನಿ."

ಬಸಪ್ಪನವರು ಗಿರಾಕಿಗಳನ್ನು ನೋಡಿದರು. ಅವರೆಲ್ಲ ಇದ್ದಕ್ಕಿದ್ದಂತೆ ಕೊಬ್ಬರಿಯನ್ನು ಬಹಳ ಗಮನವಿಟ್ಟು ಪರೀಕ್ಷಿಸತೊಡಗಿದರು. ಬಸಪ್ಪನವರು ವಲ್ಲಿ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. "ಕಳಿಸ್ತೀನಿ ಅಂದೆ, ಕಳಿಸ್ತೀನಿ. ಯಾರಿಲ್ಲ ಅಂದೋರು?" ಎಂದು ಯಾರ ಮೇಲೋ ರೇಗಿದರು. ಸಿದ್ದಮ್ಮ ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಅಂಕ ತಿದ್ದಿಕೊಡುತ್ತೇನೆಂದು ಹೆಡ್‌ಮೇಷ್ಟ್ರ ಹತ್ತಿರ ಹೋದೆ. ಅವರು ನನ್ನ ಹಣೆ ಮುಟ್ಟಿ ಜ್ವರವಿಲ್ಲವೆಂದು ಖಚಿತ ಮಾಡಿಕೊಂಡು, "ರಿಜಿಸ್ಟರು ಮುಚ್ಚಿಯಾಯ್ತು. ಸಮುದ್ರ ಅಗೀಬಹುದು, ರಿಜಿಸ್ಟರು ತಿದ್ದೋಕಾಗಲ್ಲ," ಎಂದರು. ಪಾಠಪುಸ್ತಕದ ತಪ್ಪನ್ನು ಬರೆದು ಮೇಲಕ್ಕೆ ಕಳಿಸಿದೆ. ಬಹಳ ತಿಂಗಳ ಮೇಲೆ ಉತ್ತರ ಬಂತು: ಪುಸ್ತಕ ಬದಲಾಗುವವರೆಗೆ ಉಪಾಧ್ಯಾಯರು ಪುಸ್ತಕದಂತೆಯೇ ಬೋಧಿಸತಕ್ಕದ್ದು. ಹೀಗೆ ಕೊಚ್ಚಿಯ ದಿಬ್ಬ ಸಮುದ್ರದಿಂದ ಹೋದ ಮೇಲೂ ನಮ್ಮ ಊರಿನಲ್ಲಿ ಕೆಲವು ವರ್ಷ ಭದ್ರವಾಗಿತ್ತು.

ಗಿರಿಜೆ ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂತಳು, ತನಗಿಂತ ಚಿಕ್ಕವರ ಜೊತೆ. ನಾನು ಕೊಚ್ಚಿಯ ಪಾಠಕ್ಕೆ ಬಂದಾಗ ಪುಸ್ತಕ ಮುಚ್ಚಿ, "ಗಿರಿಜಾ, ನೀನು ಹೇಳಮ್ಮ," ಎಂದೆ. ಹೇಳಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಪರೀಕ್ಷೆಯ ಹಿಂದಿನ ದಿನ ಅ‍ವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

"ಸಾ, ಕೊಚ್ಚಿ ಕೇಳಿದ್ರೆ ಪುಸ್ತ್ಕದ್ ಬರೀಲಾ, ದಿಟವಾದ್ದು ಬರೀಲಾ?"

ಪ್ರಶ್ನೆಪತ್ರಿಕೆ ಆ ವರ್ಷ ನನ್ನದಲ್ಲ. ಉತ್ತರ ತಿದ್ದುವವನೂ ನಾನಲ್ಲ. ನನ್ನ ಸಹೋದ್ಯೋಗಿಗಳು ಕಾಫಿ ಲೋಟ ಹಿಡಿದು ಕೇಳುತ್ತಿದ್ದರು. ನಾನು ತಲೆ ಕೆಳಗೆ ಹಾಕಿ, "ಪುಸ್ತಕದ್ದು ಬರಿ ತಾಯಿ," ಎಂದೆ. ಅವಳು, "ಆಯ್ತು ಸಾ," ಎಂದು ಹೋದಳು. ಅವಳಿಗೆ ನಾನು ಹಾಕಿದ ಸೊನ್ನೆಗಿಂತ ಆ ಮಾತೇ ನನಗೆ ಹೆಚ್ಚು ನಾಚಿಕೆ ತಂದಿತು. ಕೊನೆಗೆ ನೋಡಿದರೆ ಪತ್ರಿಕೆಯಲ್ಲಿ ಕೊಚ್ಚಿಯೇ ಇರಲಿಲ್ಲ. ಚಹಾ ಬೆಳೆಯುವ ಪ್ರದೇಶಗಳನ್ನು ಕೇಳಿದ್ದರು. ಗಿರಿಜೆ ಪಾಸಾದಳು, ಮುಂದಿನ ವರ್ಷವೂ ಪಾಸಾದಳು.

ಹೈಸ್ಕೂಲು ಹಾಸನದಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದು ಓದುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ಯುದ್ಧ ಬಂದು ಪೆಟ್ರೋಲು ಹೋಗಿ, ಇದ್ದಿಲಿನ ಗ್ಯಾಸಿನಿಂದ ಓಡಿಸಲು ಬಸ್ಸುಗಳ ಬೆನ್ನಿಗೆ ಒಲೆ ಬಂದಿತ್ತು. ಅವಳು ಹೊರಟ ದಿನ ರೈಲು ಸಿಗದೆ ನಾನೂ ಅದೇ ಬಸ್ಸು ಹತ್ತಿದ್ದೆ. ಗಿರಿಜೆ ಕಿಟಕಿಯ ಪಕ್ಕ. ಅವಳ ಪಕ್ಕ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಬಸಪ್ಪನವರು. ನಾನು ಅವರ ಹಿಂದಿನ ಸೀಟಿನಲ್ಲಿ, ಪೇಟವನ್ನು ಆದಷ್ಟು ಮುಂದಕ್ಕೆ ಎಳೆದುಕೊಂಡು ಕೂತೆ. ಬಸ್ಸು ಏರುದಾರಿಯಲ್ಲಿ ನಿಂತಿತು. ಕ್ಲೀನರು ಒಲೆ ಊದತೊಡಗಿದ. ಜನಕ್ಕೆ ಮಾತಾಡುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ.

"ಹೆಣ್ಮಗೀನ ಹೈಸ್ಕೂಲ್ಗೆ ಆಕ್ತೀರಾ ಯಜಮಾನ್ರೇ?" ಎಂದು ಯಾರೋ ಕೇಳಿದರು. ದನಿಯಲ್ಲಿ ಮೆಚ್ಚುಗೆ ಅಷ್ಟಾಗಿ ಇರಲಿಲ್ಲ.

ಬಸಪ್ಪನವರು ಟ್ರಂಕನ್ನು ಭದ್ರವಾಗಿ ಹಿಡಿದುಕೊಂಡು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು: "ಯಾಕ್ ಆಕ್ಬಾರ್ದು? ಮೇಷ್ಟ್ರುಗೇ ಪಾಠ ಯೋಳ್ದೋಳು ಕಣ್ರೀ ನಮ್ ಮಗ!"

"ಯಾವ್ ಮೇಷ್ಟ್ರುಗೆ?"

ಗಿರಿಜೆ, "ತಾತ, ಸುಮ್ಕಿರಿ," ಎಂದು ಅವರ ತೋಳು ಹಿಡಿದಳು. ಅವರು ನಿಧಾನವಾಗಿ ಹಿಂದಕ್ಕೆ ತಿರುಗಿ, ಕೈ ನೀಡಿ ತೋರಿಸಿದರು. "ಇಗೋ, ಇಲ್ಲೇ ಕೂತವ್ರಲ್ಲ. ಇವ್ರಿಗೇ."

ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹೊರಗೆ ಒಲೆ ಊದುತ್ತಿದ್ದ ಕ್ಲೀನರು ಕೂಡ ಕಿಟಕಿಯಿಂದ ಇಣುಕಿದ. ನಾನು ಎದ್ದು ನಿಂತು, ಎಲ್ಲರಿಗೂ ನಮಸ್ಕಾರ ಮಾಡಿದೆ.